ಗುಡ್ಡದ ಫೋಟೋದಾಗ ಯಾರು ಕಾಣಂಗಿಲ್ಲ?

(ನಮ್ಮ ಮಂಡಳದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟ ವಿಷಯ "ಇತಿಹಾಸ ಮತ್ತು ನಾವು". ಬಿ.ಎ.ಗೆ ಇತಿಹಾಸ ತಗೊಂಡಾಳ, ಏನರ ಹೇಳಲಿ ಅಂತ ಮಂಡಳದವರು ನನ್ನ ಹೆಸರು ಹಾಕ್ಯಾರ. ಇತಿಹಾಸ ಅಂದ್ರ ರಾಜರ ಹೆಸರು, ಯುದ್ಧದ ಇಸವಿ. ಅವನ್ನೆಲ್ಲ ಪರೀಕ್ಷೆಗೇ ಬಿಡೋಣ. ಇವತ್ತು ನಾನು ಫೋಟೋಗಳ ಬಗ್ಗೆ ಮಾತಾಡತೀನಿ. ಅದರಾಗೂ ಒಂದೇ ನಮೂನಿ ಫೋಟೋ. ಬ್ರಿಟಿಷರ ಕಾಲದಾಗ ತೆಗೆದ ಗುಡ್ಡ-ಬೆಟ್ಟಗಳ ಫೋಟೋ.

"ಗುಡ್ಡದ ಫೋಟೋಕ್ಕೂ ನಮ್ಮ ಚಳವಳಿಗೂ ಏನು ಸಂಬಂಧ ತಂಗಿ?" ಅಂತ ಯಾರಾದರೂ ಕೇಳಬಹುದು. ಸಂಬಂಧ ಐತ್ರಿ. ಸ್ವಲ್ಪ ಹೊತ್ತು ಕೇಳ್ರಿ, ಆಮೇಲೆ ನೀವೇ ಹೇಳ್ರಿ.

ಈ ಫೋಟೋಗಳನ್ನು ನೀವೆಲ್ಲರೂ ನೋಡೀರಿ. ಹೋಟೆಲಿನ ಗೋಡೆ ಮೇಲೆ, ಕ್ಯಾಲೆಂಡರದಾಗ, ವಾಟ್ಸಾಪಿನಾಗ. ಕಂದು ಬಣ್ಣ, ದೊಡ್ಡ ಪರ್ವತ, ಕೆಳಗ ಒಂದು ಹೊಳಿ, ಮೇಲೆ ಬರೇ ಬಿಳಿ ಆಕಾಶ. ಒಬ್ಬ ಮನುಷ್ಯ ಇಲ್ಲ. ಇದ್ದರೂ ಬಂಡೆಯ ಪಕ್ಕ ಇರುವಿಯಷ್ಟು ಸಣ್ಣವ. ಕೆಳಗ ಬರದಿರತಾರ: "ಆಗಿನ ಕಾಲ ಎಷ್ಟು ಚಂದ ಇತ್ತು ನೋಡ್ರಿ, ಗದ್ದಲ ಇಲ್ಲ, ಹೊಲಸು ಇಲ್ಲ, ಜನ ಇಲ್ಲ." ನಾವೂ ಒಂದು ಹೆಬ್ಬೆರಳು ಒತ್ತಿ ಮುಂದ ಕಳಿಸತೀವಿ.

ಜನ ಇಲ್ಲ ಅಂತಾರಲ್ಲ, ಆ ಮಾತನ್ನೇ ನಾನು ಇವತ್ತು ಹಿಡೀಬೇಕಂತೀನಿ. ಜನ ಖರೇನೇ ಇರಲಿಲ್ಲೇನು? ಇದ್ದರೆ ಎಲ್ಲಿ ಹೋದರು?

ಫೋಟೋಗ್ರಫಿ ಎಂಬುದು ಜಗತ್ತಿಗೆ ಗೊತ್ತಾದದ್ದು 1839ರಲ್ಲಿ, ಪ್ಯಾರಿಸ್ ಮತ್ತು ಲಂಡನ್ನಿನಲ್ಲಿ. ನಮ್ಮ ದೇಶಕ್ಕೆ ಬರಲು ಬಹಳ ವರ್ಷ ಹಿಡಿಯಲಿಲ್ಲ. 1854ರಲ್ಲಿ ಮುಂಬಯಿಯಲ್ಲಿ ಫೋಟೋಗ್ರಫಿಕ್ ಸೊಸೈಟಿ ಆಯಿತು. 1855ರಲ್ಲಿ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ಕಂಪನಿ ಸರ್ಕಾರ ಕ್ಯಾಮೆರಾ ಕೊಟ್ಟು ನಮ್ಮ ಕಡೆಗೇ ಕಳಿಸಿತು. ವಿಜಾಪುರ, ಬಾದಾಮಿ, ಐಹೊಳೆ, ಎಲ್ಲ ತಿರುಗಿ ಗುಡಿ, ಗುಮ್ಮಟ, ಬಂಡೆಗಲ್ಲಿನ ಗುಡ್ಡ ತೆಗೆದ. ಅಂದ್ರ ನಮ್ಮ ಜತ್ತ ತಾಲೂಕಿನ ಗಡಿ ದಾಟಿದರೆ ಸಿಗುವ ಊರುಗಳು, ನೂರಾ ಎಪ್ಪತ್ತು ವರ್ಷದ ಹಿಂದೆಯೇ ಕ್ಯಾಮೆರಾದ ಮುಂದೆ ನಿಂತಿದ್ದವು.

ಪರ್ವತದ ಫೋಟೋ ಅಂದಕೂಡಲೇ ಎಲ್ಲರೂ ಹೇಳುವ ಹೆಸರು ಸ್ಯಾಮ್ಯುಯೆಲ್ ಬೋರ್ನ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನಲ್ಲಿ ಬ್ಯಾಂಕಿನ ಗುಮಾಸ್ತನಾಗಿದ್ದ. ನೌಕರಿ ಬಿಟ್ಟು 1863ರಲ್ಲಿ ಹಿಂದುಸ್ತಾನಕ್ಕೆ ಬಂದ. 1863, 1864, 1866 ಹೀಗೆ ಮೂರು ಸಲ ಹಿಮಾಲಯ ಹತ್ತಿದ. 1866ರಲ್ಲಿ ಮಾಣಿರಂಗ್ ಕಣಿವೆದಾರಿಯಲ್ಲಿ 18,600 ಅಡಿ ಎತ್ತರದಲ್ಲಿ ನಿಂತು ಫೋಟೋ ತೆಗೆದ. ಅಷ್ಟು ಎತ್ತರದಲ್ಲಿ ಅಲ್ಲಿಯತನಕ ಯಾರೂ ತೆಗೆದಿರಲಿಲ್ಲ. ಅವನು ಕೂಡಿ ಕಟ್ಟಿದ ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೋ ಕಲ್ಕತ್ತಾದಲ್ಲಿ 2016ರವರೆಗೂ ಬಾಗಿಲು ತೆರೆದಿತ್ತು. ಮನುಷ್ಯಾ ಗಟ್ಟಿಗ, ಅದರಾಗ ಎರಡು ಮಾತಿಲ್ಲ. ಫೋಟೋಗಳೂ ಅದ್ಭುತ ಇದಾವ.

ಆದರೆ 18,600 ಅಡಿ ಮೇಲಕ್ಕೆ ಕ್ಯಾಮೆರಾ ತಾನೇ ನಡಕೊಂಡು ಹೋಗಲಿಲ್ಲ.

ಆಗಿನ ಫೋಟೋ ಹೆಂಗ ತೆಗೀತಿದ್ದರು ಅನ್ನೋದನ್ನ ಸ್ವಲ್ಪ ತಿಳಕೋಬೇಕು. ಫಿಲ್ಮ್ ರೋಲ್ ಇನ್ನೂ ಹುಟ್ಟಿರಲಿಲ್ಲ. ಗಾಜಿನ ಹಲಗೆ ಇರುತ್ತಿತ್ತು. ಬೋರ್ನ್ ಬಳಸಿದ್ದು ಹನ್ನೆರಡು ಇಂಚು ಉದ್ದ, ಹತ್ತು ಇಂಚು ಅಗಲದ ಗಾಜು. ಅದರ ಮೇಲೆ ಕೊಲೋಡಿಯನ್ ಎಂಬ ಅಂಟಿನಂಥ ದ್ರಾವಣ ಸುರೀಬೇಕು, ಬೆಳ್ಳಿಯ ರಸಾಯನದಾಗ ಅದ್ದಬೇಕು, ಹಸಿ ಇದ್ದಾಗಲೇ ಕ್ಯಾಮೆರಾಕ್ಕೆ ಹಾಕಿ ತೆಗೀಬೇಕು, ಹಸಿ ಇದ್ದಾಗಲೇ ತೊಳೀಬೇಕು. ಎಲ್ಲಾ ಕೂಡಿ ಹತ್ತು-ಹದಿನೈದು ನಿಮಿಷದೊಳಗ ಮುಗೀಬೇಕು. ಒಣಗಿತೋ, ಕೆಟ್ಟಿತು. ಹಿಂಗಾಗಿ ಫೋಟೋ ತೆಗೆಯುವ ಜಾಗದಲ್ಲೇ ಕತ್ತಲಿನ ಡೇರೆ ಹೊಡೀಬೇಕು. ಡೇರೆ, ನೂರಾರು ಗಾಜು, ಬಾಟಲಿಗಟ್ಟಲೆ ರಸಾಯನ, ದೊಡ್ಡ ಕಟ್ಟಿಗೆಯ ಕ್ಯಾಮೆರಾ, ಅದರ ಕಾಲು, ಮೇಲೆ ಸಾಹೇಬರ ಹಾಸಿಗೆ, ಊಟದ ಸಾಮಾನು. ಮತ್ತ ತೊಳೆಯಾಕ ಶುದ್ಧ ನೀರು.

ಇದನ್ನೆಲ್ಲ ಹೊತ್ತವರು ಯಾರು? 1863ರ ಮೊದಲ ಪ್ರವಾಸಕ್ಕೆ ಬೋರ್ನ್ ಸಿಮ್ಲಾ ಬಿಟ್ಟಾಗ ಅವನ ಹಿಂದೆ ಮೂವತ್ತರಷ್ಟು ಹಮಾಲರು ಇದ್ದರು. ಹತ್ತು-ಹನ್ನೊಂದು ವಾರ ತಿರುಗಿ ಬಂದಾಗ ಅವನ ಹತ್ತಿರ 147 ಗಾಜಿನ ನೆಗೆಟಿವ್ ಇದ್ದವು. ಈ ಲೆಕ್ಕವೆಲ್ಲ ಅವನೇ ಲಂಡನ್ನಿನ ಫೋಟೋಗ್ರಫಿ ಪತ್ರಿಕೆಗೆ ಬರೆದು ಕಳಿಸಿದ ಲೇಖನಗಳಿಂದ ಗೊತ್ತಾಗುತ್ತದೆ. ಹಮಾಲರು ಹೊರೆ ಕೆಳಗಿಟ್ಟು ಓಡಿಹೋದರು ಅಂತ ಆ ಲೇಖನಗಳಲ್ಲಿ ಸಿಟ್ಟು ಕಾರಿಕೊಂಡಿದ್ದಾನೆ. ಸಿಮ್ಲಾದ ಸುತ್ತ ಕೆರೆ ಇಲ್ಲ, ಹೊಳೆ ಇಲ್ಲ, ಹಳ್ಳಿಯ ಚಂದದ ಸೇತುವೆ ಇಲ್ಲ ಅಂತಲೂ ಗೊಣಗಿದ್ದಾನೆ. ಅಂದ್ರ ಅವನು ಹುಡುಕಿದ್ದು ತನ್ನ ಊರಿನ ಚಿತ್ರದಂಥ ಒಂದು ಗುಡ್ಡವನ್ನ. ಎದುರಿಗೆ ಇದ್ದದ್ದನ್ನಲ್ಲ.

ಹಮಾಲರು ಯಾಕ ಓಡಿಹೋದರು ಅಂತ ಅವನು ಕೇಳಲಿಲ್ಲ. ನಾವು ಕೇಳಬಹುದು. ಆ ಪರ್ವತಗಳಾಗ ಬೇಗಾರ್ ಅಂತ ಒಂದು ಪದ್ಧತಿ ಇತ್ತು. ಸಾಹೇಬರು ಬಂದರೆ ಹಳ್ಳಿಯವರು ಹೊಲದ ಕೆಲಸ ಬಿಟ್ಟು ಅವರ ಸಾಮಾನು ಹೊರಬೇಕು. ಪಗಾರ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಬರಂಗಿಲ್ಲ ಅನ್ನುವ ಹಾಗಿಲ್ಲ. ಸುಗ್ಗಿ ಇರಲಿ, ಹಿಮ ಬೀಳಲಿ. ಅದೇ ಹಿಮಾಲಯದ ಇನ್ನೊಂದು ಮಗ್ಗುಲಾದ ಕುಮಾವೂಂನಲ್ಲಿ 1921ರ ಸಂಕ್ರಮಣದ ಜಾತ್ರೆಯಾಗ ಬಾಗೇಶ್ವರದಲ್ಲಿ ಜನ ಕೂಡಿ, ಯಾವ ಊರಿನಿಂದ ಎಷ್ಟು ಕೂಲಿ ಅಂತ ಬರೆದಿಟ್ಟ ರಿಜಿಸ್ಟರುಗಳನ್ನು ಸರಯೂ ನದಿಗೆ ಒಗೆದುಬಿಟ್ಟರು. ಆಮೇಲೆಯೇ ಅಲ್ಲಿ ಬೇಗಾರ್ ನಿಂತದ್ದು.

ಇದನ್ನ ಕೇಳಿದಾಗ ನಿಮಗ ಏನೋ ನೆನಪಾಗಬೇಕಲ್ಲ? ನಮ್ಮ ಕಡೆ ಅದಕ್ಕೆ ಬಿಟ್ಟಿ ಅಂತಾರ. ಮರಾಠಿಯಾಗ ವೇಠಬಿಗಾರಿ ಅಂತಾರ. ಸರ್ಕಾರಿ ಸಾಹೇಬ ಊರಿಗೆ ಬಂದರೆ ದಾರಿ ತೋರಿಸುವವರು ಯಾರು, ಗಂಟು ಹೊರುವವರು ಯಾರು, ಕುದುರೆಗೆ ಹುಲ್ಲು ತರುವವರು ಯಾರು? ನಮ್ಮ ಕೇರಿಯವರು. ಮಹಾರ ವತನ ಅಂದರೆ ಇದೇ. ಒಂದು ತುಂಡು ಇನಾಮ ಭೂಮಿ ತೋರಿಸಿ, ಹಗಲು-ರಾತ್ರಿ ಇಡೀ ಊರಿನ ಚಾಕರಿ ಕೊರಳಿಗೆ ಕಟ್ಟುವುದು. 1874ರ ವತನ ಕಾಯ್ದೆ ಇದನ್ನು ಗಟ್ಟಿ ಮಾಡಿತ್ತು. ಬಾಬಾಸಾಹೇಬರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಆ ಕಾಯ್ದೆ ತಿದ್ದಲು ಮಸೂದೆ ತಂದರು. ಆ ವತನ ಕಾಯ್ದೆಯಿಂದಲೇ ರದ್ದಾಗಲು 1958ರ ತನಕ ಕಾಯಬೇಕಾಯಿತು.

ಹಿಮಾಲಯದ ಹಮಾಲ ನಮ್ಮ ಜಾತಿಯವನೇ ಅಂತ ನಾನು ಹೇಳತಾ ಇಲ್ಲ. ಅವನ ಜಾತಿ, ಊರು ಬೇರೆ. ಆದರೆ ಅವನ ಬೆನ್ನಿನ ಮೇಲಿದ್ದ ಹೊರೆ ನಮಗೆ ಗುರುತಿನದು.

ಇನ್ನು ಹೊತ್ತವರು ಫೋಟೋದಾಗ ಯಾಕ ಕಾಣಂಗಿಲ್ಲ ಅನ್ನೋದಕ್ಕ ಬರೋಣ. ಮೊದಲನೆಯ ಕಾರಣ ಯಂತ್ರದ್ದು. ಆಗಿನ ಕ್ಯಾಮೆರಾಕ್ಕೆ ಒಂದು ಫೋಟೋಕ್ಕೆ ಎಷ್ಟೋ ಸೆಕೆಂಡು ಬೇಕು. ಅಷ್ಟು ಹೊತ್ತು ಅಲುಗಾಡದ್ದು ಮಾತ್ರ ಮೂಡತದ. ಬಂಡೆ ಅಲುಗಾಡಂಗಿಲ್ಲ, ಮೂಡತದ. ನಡೆಯುವವ, ಕೆಲಸ ಮಾಡುವವ ಮಸುಕಾಗಿ ಅಳಿಸಿಹೋಗತಾನ. ಕೂತವ ಉಳೀತಾನ, ದುಡಿಯುವವ ಹೋಗತಾನ.

ಎರಡನೆಯದು, ಆ ಗಾಜಿಗೆ ಎಲ್ಲ ಬಣ್ಣ ತಿಳೀತಿರಲಿಲ್ಲ. ನೀಲಿಗೆ ಬಹಳ ಬೇಗ ಸ್ಪಂದಿಸುತ್ತಿತ್ತು. ಕೆಂಪು, ಹಳದಿ ಅದಕ್ಕೆ ಗೊತ್ತಾಗುತ್ತಲೇ ಇರಲಿಲ್ಲ. ಹಿಂಗಾಗಿ ಆಕಾಶ ಬೆಳ್ಳಗೆ ಖಾಲಿ ಕಾಣತದ. ಮೋಡ ಇರಲಿಲ್ಲ ಅಂತಲ್ಲ, ಗಾಜಿಗೆ ಕಾಣಲಿಲ್ಲ. ಅದೇ ಕಾರಣಕ್ಕೆ ಕೆಂಪು ಮಣ್ಣು ಇದ್ದದ್ದಕ್ಕಿಂತ ಕಪ್ಪಾಗಿ ಬರತದ. ನಮ್ಮಂಥವರ ಕಂದು ಮೈ ಬಣ್ಣವೂ ಇದ್ದದ್ದಕ್ಕಿಂತ ಕಪ್ಪಾಗಿ ಬರತದ. ಹಳೇ ಫೋಟೋ ನೋಡಿ "ಆಗಿನ ಜನ ಎಷ್ಟು ಕಪ್ಪ ಇದ್ದರು" ಅನ್ನುವವರಿಗೆ ಇಷ್ಟು ಹೇಳ್ರಿ: ಕಪ್ಪು ಇರೋದು ತಪ್ಪಲ್ಲ, ಆದರೆ ಅದರಾಗ ಅರ್ಧ ಗಾಜಿನ ಕುರುಡುತನ ಐತಿ.

ಮೂರನೆಯ ಕಾರಣ ಯಂತ್ರದ್ದಲ್ಲ, ಮನಸ್ಸಿನದು. ಕ್ಯಾಮೆರಾ ಹಿಡಿದವರಿಗೆ ಖಾಲಿ ಗುಡ್ಡವೇ ಬೇಕಾಗಿತ್ತು. ಮನುಷ್ಯರನ್ನು ತೆಗೆಯಲಿಲ್ಲ ಅಂತಲ್ಲ. ಅವರನ್ನ ಬೇರೆ ಪುಸ್ತಕದಾಗ ಹಾಕಿದರು. 1868ರಿಂದ 1875ರ ತನಕ "ದ ಪೀಪಲ್ ಆಫ್ ಇಂಡಿಯಾ" ಅಂತ ಎಂಟು ಸಂಪುಟ ತಂದರು. ಅದರಾಗ ನಾಡಿನ ಜಾತಿ-ಪಂಗಡದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೂರಿಸಿ ತೆಗೆದಾರ. ಬಹಳಷ್ಟು ಫೋಟೋದ ಕೆಳಗ ಏನು ಬರೆದಾರ? ಆ ಮನುಷ್ಯನ ಹೆಸರಲ್ಲ, ಅವನ ಜಾತಿ. ಗುಡ್ಡಕ್ಕೆ ಹೆಸರೂ ಸಿಕ್ತು, ಎತ್ತರವೂ ಸಿಕ್ತು. ಮನುಷ್ಯನಿಗೆ ಜಾತಿ ಮಾತ್ರ ಸಿಕ್ತು.

ಹಿಮಾಲಯ ದೂರ ಆಯಿತು ಅಂದ್ರ ನಮ್ಮ ಸಹ್ಯಾದ್ರಿಗೆ ಬರೋಣ. ಮೀರಜದಿಂದಲೋ ಸೊಲ್ಲಾಪುರದಿಂದಲೋ ರೈಲು ಹತ್ತಿ ದುಡಿಯಾಕ ಮುಂಬಯಿಗೆ ಹೋದವರು ಇಲ್ಲಿ ಎಷ್ಟೋ ಮಂದಿ ಇದ್ದೀರಿ. ಲೋಣಾವಳ-ಖಂಡಾಳ ದಾಟಿದ ಮೇಲೆ ರೈಲು ಘಾಟ ಇಳೀತದ. ಬೋಗದೆ ಮೇಲೆ ಬೋಗದೆ. ಮಕ್ಕಳು ಕಿಟಕಿಯಿಂದ ಕೂಗತಾವ. ಅದೇ ಭೋರ್ ಘಾಟ್. ಅಲ್ಲಿ ಮೊದಲ ಹಳಿ ಹಾಕುವ ಕೆಲಸ 1856ರಲ್ಲಿ ಶುರುವಾಗಿ 1863ರಲ್ಲಿ ಮುಗಿಯಿತು. ಇಪ್ಪತ್ತೈದು ಬೋಗದೆ, ಎಂಟು ದೊಡ್ಡ ಕಮಾನಿನ ಸೇತುವೆ. ಗುತ್ತಿಗೆ ಹಿಡಿದಿದ್ದ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಇಲ್ಲಿಗೆ ಬಂದ ಸ್ವಲ್ಪ ದಿನಕ್ಕೇ ತೀರಿಕೊಂಡ. ಅವನ ಹೆಂಡತಿ ಆಲಿಸ್ ಟ್ರೆಡ್‌ವೆಲ್ ಗುತ್ತಿಗೆ ಬಿಡಲಿಲ್ಲ, ಎಂಜಿನಿಯರರನ್ನು ಇಟ್ಟುಕೊಂಡು ಕೆಲಸ ಪೂರಾ ಮಾಡಿಸಿದಳು. ಜತೆಗೆ ಕ್ಯಾಮೆರಾದಿಂದ ಆ ಘಾಟಿನ ಫೋಟೋಗಳನ್ನೂ ತೆಗೆದಳು. ಒಬ್ಬ ಹೆಣ್ಣುಮಗಳು ಆ ಕಾಲದಲ್ಲಿ ಇಷ್ಟು ಮಾಡಿದಳು ಅಂದರೆ ನನಗೂ ಹೆಮ್ಮೆ ಅನಿಸುತ್ತದೆ.

ಆದರೆ ಅದೇ ಘಾಟಿನಲ್ಲಿ 1861ರ ಹೊತ್ತಿಗೆ ಒಂದೇ ಸಮಯಕ್ಕೆ 42,000ಕ್ಕೂ ಹೆಚ್ಚು ಕೂಲಿಕಾರರು ಕೆಲಸ ಮಾಡುತ್ತಿದ್ದರು. ಸುರಂಗದ ಮದ್ದು ಸಿಡಿದು, ಕಡಿದಾದ ಬಂಡೆಯಿಂದ ಜಾರಿ, ಕಾಲರಾ ಬಂದು ಸಾವಿರಾರು ಜನ ಸತ್ತರು. ಫೋಟೋದಲ್ಲಿ ಸೇತುವೆ ನಿಂತಿದೆ. ಗುಡ್ಡ ಸೀಳಿದ ದಾರಿ ಚಂದ ಕಾಣುತ್ತದೆ. ಗುಡ್ಡ ಸೀಳಿದ ಕೈಗಳ ಹೆಸರು ಎಲ್ಲಿಯೂ ಇಲ್ಲ. ಟ್ರೆಡ್‌ವೆಲ್ ಹೆಸರು ನೂರಾ ಅರವತ್ತು ವರ್ಷ ಆದ ಮೇಲೂ ನಮಗೆ ಗೊತ್ತು. 42,000 ಜನರಲ್ಲಿ ಹತ್ತು ಹೆಸರು ಹೇಳ್ರಿ ಅಂದ್ರ ನಾಲಗೆ ಒಣಗತದ.

ಈಗ ನೀರಿನ ಮಾತು. ದೇವಗಿರಿ, ಅಂದರೆ ದೌಲತಾಬಾದಿನ ಕೋಟೆ ಗುಡ್ಡವನ್ನು ಫೋಟೋದಲ್ಲಾದರೂ ನೋಡಿರುತ್ತೀರಿ. ಬಯಲಿನ ನಡುವೆ ಕಡಿದಾಗಿ ಎದ್ದು ನಿಂತ ಗುಡ್ಡ. ನಿಜಾಮರ ಫೋಟೋಗ್ರಾಫರ್ ಲಾಲಾ ದೀನ್ ದಯಾಳ್ ಅವರೂ ಅದನ್ನ ತೆಗೆದಾರ. ಆ ಕಾಲಕ್ಕೆ ನಮ್ಮ ದೇಶದವನೇ ಒಬ್ಬ ಸಾಹೇಬರಿಗೆ ಸರಿಸಾಟಿಯಾಗಿ ಕ್ಯಾಮೆರಾ ಹಿಡಿದಿದ್ದ, ಅದು ಸಣ್ಣ ಮಾತಲ್ಲ. ಅಂಥ ಫೋಟೋ ನೋಡಿದರೆ ಯಾರಿಗಾದರೂ ಒಮ್ಮೆ ಅಲ್ಲಿಗೆ ಹೋಗಬೇಕು ಅನಿಸತದ.

1934ರಲ್ಲಿ ಬಾಬಾಸಾಹೇಬರು ಹೋದರು. ಚಳವಳಿಯ ಮೂವತ್ತರಷ್ಟು ಕಾರ್ಯಕರ್ತರ ಜತೆ ವೇರುಳದ ಗುಹೆ ನೋಡಾಕ ಹೊರಟಿದ್ದರು, ದಾರಿಯಲ್ಲಿ ದೌಲತಾಬಾದಿಗೆ ಇಳಿದರು. ರಮಜಾನಿನ ತಿಂಗಳು. ಧೂಳು ತುಂಬಿದ ಪ್ರಯಾಣ. ಕೋಟೆಯ ಬಾಗಿಲ ಹೊರಗೆ ಒಂದು ಸಣ್ಣ ಹೊಂಡ ಇತ್ತು, ನೀರು ತುಂಬಿತ್ತು. ಕೆಲವರು ಅದರಲ್ಲಿ ಕೈ-ಮುಖ ತೊಳೆದುಕೊಂಡರು. ಅಷ್ಟೇ. ಒಬ್ಬ ಮುದುಕ ಕೂಗುತ್ತಾ ಓಡಿಬಂದ, ಅಸ್ಪೃಶ್ಯರು ನೀರು ಮೈಲಿಗೆ ಮಾಡಿದರು ಅಂತ. ಜನ ಕೂಡಿದರು, ಬೈಗುಳ ಶುರುವಾಯಿತು. ಬಹಳ ವಾದ ಆದ ಮೇಲೆ ಒಳಗೆ ಬಿಟ್ಟರು, ಆದರೆ ಕೋಟೆಯೊಳಗೆ ಎಲ್ಲಿಯೂ ನೀರು ಮುಟ್ಟಬಾರದು ಎಂಬ ಶರತ್ತಿನ ಮೇಲೆ. ಕಾವಲಿಗೆ ಬಂದೂಕಿನ ಸಿಪಾಯಿಯನ್ನೂ ಹಿಂದೆ ಕಳಿಸಿದರು. ಅಸ್ಪೃಶ್ಯತೆ ಒಂದೇ ಧರ್ಮದವರು ಆಚರಿಸುವ ರೋಗವಲ್ಲ, ಅದು ಎಲ್ಲರಿಗೂ ಅಂಟಿದೆ ಅಂತ ತೋರಿಸಲು ಈ ಪ್ರಸಂಗವನ್ನ ಬಾಬಾಸಾಹೇಬರೇ "ವೇಟಿಂಗ್ ಫಾರ್ ಎ ವೀಸಾ" ಎಂಬ ತಮ್ಮ ಬರಹದಲ್ಲಿ ಬರೆದಿಟ್ಟಾರ.

ವಿಚಾರ ಮಾಡ್ರಿ. ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿ ಓದಿ ಬಂದವರು. ದುಂಡುಮೇಜಿನ ಪರಿಷತ್ತಿನಲ್ಲಿ ಕೂತು ಮಾತಾಡಿದವರು. ಮಹಾಡದ ಚವದಾರ ಕೆರೆಯ ನೀರನ್ನು 1927ರಲ್ಲಿ ಮುಟ್ಟಿ ತೋರಿಸಿದವರು. ಅಂಥವರ ಹಿಂದೆ ನೀರಿಗಾಗಿ ಬಂದೂಕು. ಈ ಮಾತು ಆ ಕೋಟೆಯ ಯಾವ ಫೋಟೋದಾಗ ಕಾಣತದ? ಫೋಟೋದಾಗ ಗುಡ್ಡ ಕಾಣತದ, ಗೋಡೆ ಕಾಣತದ, ನೀರಿನ ಹೊಳಪೂ ಕಾಣತದ. ಆ ನೀರು ಯಾರಿಗೆ, ಯಾರಿಗಲ್ಲ ಅನ್ನೋದು ಕಾಣಂಗಿಲ್ಲ. ಅದನ್ನ ಹೇಳಾಕ ಫೋಟೋದ ಜತೆ ಒಬ್ಬ ಮನುಷ್ಯ ಬರೆದಿಟ್ಟ ಮಾತು ಬೇಕು. ಬಾಬಾಸಾಹೇಬರು ಬರೆಯದೇ ಇದ್ದಿದ್ದರೆ ಆ ಹೊಂಡ ನಮಗೆ ಇವತ್ತು ಬರೇ ಚಂದದ ಹೊಂಡ ಆಗಿರುತ್ತಿತ್ತು.

ಇನ್ನು ಈ ಕಾಲದ ನೋಡುಗರ ಮಾತು. ಇವತ್ತು ಈ ಫೋಟೋಗಳನ್ನ ಮೂರು ನಮೂನಿ ನೋಡತಾರ. ಒಬ್ಬರು "ಆ ಕಾಲ ಚಂದ" ಅಂತ ನಿಟ್ಟುಸಿರು ಬಿಡತಾರ. ಇನ್ನೊಬ್ಬರು "ಇದೆಲ್ಲ ಇಂಗ್ರೇಜರ ದರ್ಪ" ಅಂತ ಹೇಳಿ ಪಕ್ಕಕ್ಕೆ ಸರಿಸತಾರ. ಮೂರನೆಯವರು ಇವನ್ನು ಪುರಾವೆಯಾಗಿ ಹಿಡೀತಾರ: ಹಿಮ ಎಷ್ಟು ಕರಗಿತು, ಕಾಡು ಎಷ್ಟು ಹೋಯಿತು, ಹಳೇ ಫೋಟೋದ ಜಾಗದಲ್ಲೇ ನಿಂತು ಹೊಸದು ತೆಗೆದು ಅಳೀತಾರ. ನನಗೆ ಮೂರನೆಯವರ ದಾರಿ ಸರಿ ಅನಿಸುತ್ತದೆ, ಆದರೆ ಅವರು ಅಳೆಯುವ ಸಾಮಾನಿನ ಜತೆ ಮನುಷ್ಯರನ್ನೂ ಸೇರಿಸಬೇಕು.

ಒಂದು ಉದಾಹರಣೆ ಕೊಡತೀನಿ. ನೀಲಗಿರಿ. ನಮ್ಮ ಕನ್ನಡಕ್ಕೆ ಬಹಳ ಹತ್ತಿರದ ಮಾತಾಡುವ ಬಡಗರು, ಎಮ್ಮೆ ಸಾಕುವ ತೋಡರು, ಕುಲುಮೆ-ಮಡಿಕೆ ಕೆಲಸದ ಕೋತರು ಇರುವ ಬೆಟ್ಟ. ಊಟಿಗೆ ಹೋದವರು ಹಸಿರು ಚಹಾ ತೋಟದ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು "ನಿಸರ್ಗ" ಅಂತಾರ. ಆದರೆ ಹತ್ತೊಂಬತ್ತನೆಯ ಶತಮಾನದ ಫೋಟೋ ನೋಡಿದರೆ ಆ ಬೆಟ್ಟದ ಮೇಲೆ ಬಹಳ ಕಡೆ ಬರೇ ಹುಲ್ಲು, ತಗ್ಗಿನಾಗ ಮಾತ್ರ ಶೋಲಾ ಕಾಡು. ಆ ಹುಲ್ಲು ಬಂಜರಲ್ಲ, ತೋಡರ ಎಮ್ಮೆಗಳ ಮೇವು. ಹೊರಗಿನವರು ಅದನ್ನ ಖಾಲಿ ಜಾಗ ಅಂದುಕೊಂಡರು. ಚಹಾ, ನೀಲಗಿರಿ ಮರ, ಅಕೇಶಿಯಾ ತಂದು ನೆಟ್ಟರು. ಈಗ ನೆಟ್ಟದ್ದೇ ನಿಸರ್ಗ ಅನಿಸಿಕೊಂಡಿದೆ, ಇದ್ದದ್ದು ಮರೆತುಹೋಗಿದೆ.

"ಖಾಲಿ ಜಾಗ" ಅನ್ನುವ ಮಾತು ನಮಗೆ ಹೊಸದೇನಲ್ಲ. ನಮ್ಮ ತಾಲೂಕಿನ ಗುಡ್ಡಗಳನ್ನೂ ಹಂಗ ಅಂತಾರ. ಬರಡು, ಬೋಳು, ಏನೂ ಇಲ್ಲ ಅಂತ. ಮಾಡಗ್ಯಾಳದ ಕುರಿ ಎಲ್ಲಿ ಮೇದು ಬೆಳೆದವು? ಇಂಥ ಬೋಳು ಗುಡ್ಡದಾಗೇ. ಭೂಮಿ ಇಲ್ಲದ ನಮ್ಮವರು ಸೌದೆ ತಂದದ್ದು, ಆಡು ಮೇಯಿಸಿದ್ದು, ಗಾಯರಾನದಾಗ ಒಂದು ತುಂಡು ಬಿತ್ತಿದ್ದು, ಎಲ್ಲ ಈ "ಏನೂ ಇಲ್ಲದ" ಜಾಗದಾಗೇ. ದಾದಾಸಾಹೇಬ ಗಾಯಕವಾಡರು 1959ರಲ್ಲಿ, ಮತ್ತ 1964-65ರಲ್ಲಿ ಭೂಮಿ ಇಲ್ಲದವರ ಸತ್ಯಾಗ್ರಹ ಕಟ್ಟಿದಾಗ ಕೇಳಿದ್ದು ಇದನ್ನೇ: ಖಾಲಿ ಬಿದ್ದ ಸರ್ಕಾರಿ ಭೂಮಿ ದುಡಿಯುವವನಿಗೆ ಕೊಡ್ರಿ. ಲಕ್ಷಾಂತರ ಜನ ಜೇಲಿಗೆ ಹೋದರು. ಯಾವ ಜಾಗವನ್ನಾದರೂ ಖಾಲಿ ಅಂತ ಯಾರಾದರೂ ಹೇಳಿದಾಗ, ಅಲ್ಲಿಂದ ಯಾರನ್ನೋ ಎಬ್ಬಿಸುವ ವಿಚಾರ ಐತಿ ಅಂತ ನಾವು ಎಚ್ಚರ ಆಗಬೇಕು.

ನಮ್ಮ ಹುಡುಗರಾಗೇ ಕೆಲವರು ಅಂತಾರ, "ಎಲ್ಲದರಾಗೂ ಜಾತಿ ಯಾಕ ತರತೀ? ಗುಡ್ಡ ಚಂದ ಐತಿ, ಸುಮ್ಮ ನೋಡು." ಈ ಮಾತಿಗೆ ಉತ್ತರ ಕೊಡಬೇಕು. ಚಂದದ್ದನ್ನು ನೋಡಿ ಖುಷಿ ಪಡುವ ಹಕ್ಕು ನಮಗೂ ಇದೆ. ಬಾಬಾಸಾಹೇಬರು ಕೋಟೆ, ಗುಹೆ ನೋಡಾಕೇ ಹೋಗಿದ್ದರಲ್ಲ? ಗುಡ್ಡ ಚಂದ ಅಲ್ಲ ಅಂತ ನಾನು ಹೇಳತಾ ಇಲ್ಲ. ಬೋರ್ನ್‌ನ ಫೋಟೋ ಹರೀರಿ ಅಂತಲೂ ಹೇಳತಾ ಇಲ್ಲ. ಪೂರ್ತಿ ನೋಡ್ರಿ ಅಂತೀನಿ. ಮೂವತ್ತು ಜನರ ಬೆನ್ನನ್ನೂ ಸೇರಿಸಿ ನೋಡಿದರೆ ಆ ಹಿಮದ ಗುಡ್ಡ ಇನ್ನೂ ಎತ್ತರ ಕಾಣತದ, ಕಡಿಮೆ ಅಲ್ಲ.

ಹೆಂಗ ನೋಡಬೇಕು ಅನ್ನೋದಕ್ಕೆ ಹಂಪಿಯಲ್ಲಿ ಒಂದು ಒಳ್ಳೆಯ ಕೆಲಸ ಆಗಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯದ ಅಧಿಕಾರಿ ಹಂಪಿಯ ಗುಡಿಗಳನ್ನು, ಬಂಡೆ ಗುಡ್ಡಗಳನ್ನು ಕಾಗದದ ನೆಗೆಟಿವ್ ಮೇಲೆ ತೆಗೆದಿದ್ದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಎಂಬ ಫೋಟೋಗ್ರಾಫರ್ ಅವೇ ಜಾಗ ಹುಡುಕಿ, ಅದೇ ಕೋನದಿಂದ ಮತ್ತೆ ತೆಗೆದರು. ಎರಡನ್ನೂ ಪಕ್ಕ-ಪಕ್ಕ ಇಟ್ಟರೆ ಏನು ಬಿದ್ದಿದೆ, ಏನು ಉಳಿದಿದೆ, ಏನು ಹೊಸದಾಗಿ ಎದ್ದಿದೆ ಅಂತ ಯಾರಾದರೂ ಹೇಳಬಹುದು. ಇದಕ್ಕೆ ದೊಡ್ಡ ಓದು ಬೇಕಾಗಿಲ್ಲ. ಹಳೇ ಫೋಟೋ, ಒಂದು ಮೊಬೈಲು, ಮತ್ತ ಜಾಗ ಗೊತ್ತಿರುವ ಒಬ್ಬ ಹಿರಿಯರು ಸಾಕು.

ಇನ್ನು ನಮ್ಮ ಊರಿಗೆ ಬರತೀನಿ. ಊರಾಚೆಯ ಗುಡ್ಡದ ಕೆಳಗಿನ ಪಾಝರ ತಲಾವ ಎಲ್ಲರಿಗೂ ಗೊತ್ತು. ಮಳೆ ಚಲೋ ಆದ ವರ್ಷ ತಲಾವ ತುಂಬತದ. ಹಿಂದೆ ಗುಡ್ಡ, ಗುಡ್ಡದ ಮೇಲೆ ಗಾಳಿಪಂಕಾ, ನೀರಿನಾಗ ಅದರ ನೆರಳು. ಹುಡುಗರು ರೀಲ್ಸ್ ಮಾಡತಾರ. ಹೋದ ವರ್ಷ ಒಂದು ಫೋಟೋ ಎಲ್ಲರ ಮೊಬೈಲಿಗೂ ಬಂತು, ಕೆಳಗ "ನಮ್ಮ ಊರಿಗೆ ನಿಸರ್ಗದ ಕೊಡುಗೆ" ಅಂತ ಬರೆದಿದ್ದರು.

ಅದು ನಿಸರ್ಗದ ಕೊಡುಗೆ ಅಲ್ಲ. 1972ರ ಬರದಾಗ ತೋಡಿದ ತಲಾವ ಅದು. ಮುಂದಿನ ಸಾಲಿನಾಗ ಕೂತಿರುವ ಅವ್ವಂದಿರಾಗ ಅದರ ಮಣ್ಣು ಹೊತ್ತವರು ಇದ್ದಾರ. ಬರದ ಕೆಲಸದ ಮೇಲೆ ಖಡಿ ಒಡೆದವರು, ಬುಟ್ಟಿ ಹೊತ್ತವರು, ಕೂಸನ್ನ ಬೇವಿನ ಗಿಡಕ್ಕೆ ಜೋಳಿಗೆ ಕಟ್ಟಿ ಮಲಗಿಸಿ ಒಡ್ಡು ತುಳಿದವರು. ಆಗ ತಿನ್ನಾಕ ಕೊಡುತ್ತಿದ್ದ ಸುಕಡಿ, ಪಡಿತರದ ಕೆಂಪು ಮೈಲೋ ಜೋಳದ ಮಾತು ತೆಗೆದರೆ ನಮ್ಮ ಅಜ್ಜಿ ಇವತ್ತಿಗೂ ಮುಖ ಕಿವಿಚತಾಳ. ಆ ಜೋಳದ ರೊಟ್ಟಿ ತಟ್ಟಿದರೆ ಒಡೀತಿತ್ತಂತ, ಆದರೆ ಅದೇ ಜೀವ ಉಳಿಸಿತು ಅಂತಲೂ ಅಂತಾಳ.

ಆ ಕೆಲಸದ ಒಂದು ಫೋಟೋ ನಮ್ಮ ವಸ್ತಿಯ ಯಾವ ಮನಿಯಾಗೂ ಇಲ್ಲ. ನಾನು ಮನಿ-ಮನಿ ತಿರುಗಿ ಕೇಳೀನಿ. ಇದಕ್ಕಿಂತ ದೊಡ್ಡ ಮಾತು ಇನ್ನೊಂದು ಐತಿ. ಪಾಝರ ತಲಾವಿನ ಕೆಲಸ ಏನು? ನೀರು ನಿಲ್ಲಿಸಿ ಭೂಮಿಯೊಳಗೆ ಇಂಗಿಸುವುದು. ಇಂಗಿದ ನೀರು ಕೆಳಗಿನ ಹೊಲಗಳ ಬಾವಿಯಾಗ ಏಳತದ. ಬಾವಿ ಯಾರದು? ಹೊಲ ಇದ್ದವರದು. ಮಣ್ಣು ಹೊತ್ತವರಿಗೆ ಹೊಲ ಇರಲಿಲ್ಲ, ಬಾವಿಯೂ ಇರಲಿಲ್ಲ. ಬ್ಯಾಸಗಿಯಾಗ ನಮ್ಮ ವಸ್ತಿ ಟ್ಯಾಂಕರಿನ ಹಾದಿ ನೋಡತದ. ಫೋಟೋದಾಗ ನೀರಿನ ಹೊಳಪು ಕಾಣತದ. ಆ ನೀರು ಎಲ್ಲಿಗೆ ಹೋಯಿತು ಅನ್ನೋದು ಕಾಣಂಗಿಲ್ಲ. ದೌಲತಾಬಾದಿನಲ್ಲಿ ಬಂದೂಕು ಇತ್ತು. ಇಲ್ಲಿ ಬಂದೂಕು ಇಲ್ಲ, ಸಾತ್‌ಬಾರಾ ಉತಾರ ಐತಿ. ಇದನ್ನ ನಾನು ಯಾರ ಮೇಲಿನ ಸಿಟ್ಟಿನಿಂದಲೂ ಹೇಳತಾ ಇಲ್ಲ. ಹೊಲದವರೂ ಬರದಾಗ ನೊಂದವರೇ, ಅವರಲ್ಲಿ ಎಷ್ಟೋ ಮಂದಿ ನಮ್ಮ ಜತೆಗೇ ಮಣ್ಣು ಹೊತ್ತಾರ. ಆದರೆ ತಲಾವ ತೋಡಿದ್ದು ಯಾರು ಅನ್ನುವುದು ಬರಹದಾಗ ಇರದಿದ್ದರೆ, ನಾಳೆ ನೀರಿನ ಪಾಲು ಕೇಳಾಕ ನಿಂತಾಗ ನಮ್ಮ ಕೈಯಾಗ ಏನು ಇರತದ?

ಅದಕ್ಕ ಮಂಡಳದ ಮುಂದೆ ಮೂರು ಕೆಲಸ ಇಡತೀನಿ.

ಒಂದು, 1972ರ ಕೆಲಸಕ್ಕೆ ಹೋದವರ ಹೆಸರು ಬರೆಯೋಣ. ಅಂದು ಇಪ್ಪತ್ತು ವರ್ಷ ಇದ್ದವರಿಗೆ ಈಗ ಎಪ್ಪತ್ತು ದಾಟಿದೆ. ಪ್ರತಿ ವರ್ಷ ಒಬ್ಬೊಬ್ಬರು ಕಡಿಮೆ ಆಗತಾರ. ಹೆಸರು, ಯಾವ ಕೆಲಸ, ದಿನಕ್ಕೆ ಎಷ್ಟು ಕೂಲಿ, ಏನು ತಿಂದರು, ಅವರು ಹೇಳಿದ ಮಾತಿನಲ್ಲೇ ಬರೆಯೋಣ. ತೀರಿಹೋದವರ ಹೆಸರನ್ನು ಅವರ ಮಕ್ಕಳಿಂದ ಕೇಳೋಣ. ನಮ್ಮ ವಸ್ತಿಯವರದಷ್ಟೇ ಅಲ್ಲ, ಕೆಲಸಕ್ಕೆ ಬಂದ ಎಲ್ಲ ಜಾತಿಯವರದೂ.

ಎರಡು, ಮನಿಯಾಗಿರುವ ಹಳೇ ಫೋಟೋಗಳ ಹಿಂದೆ ಹೆಸರು ಬರೆಯೋಣ. ಮದುವಿ ಫೋಟೋ, ಭೀಮ ಜಯಂತಿ ಮೆರವಣಿಗೆ, ಕಬ್ಬು ಕಡಿಯಾಕ ಹೋದಾಗ ಜಾತ್ರೆಯಾಗ ತೆಗೆಸಿದ್ದು. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಂದಿನ ಮುಖದ ಮೇಲೆ ಗೀರು ಮೂಡತದ, ಮೆತ್ತನ್ನ ಪೆನ್ಸಿಲಿನಿಂದ ಹಗುರಾಗಿ ಬರೀರಿ. ಯಾರು, ಎಲ್ಲಿ, ಯಾವ ವರ್ಷ. ಗೊತ್ತಿಲ್ಲದ ಮುಖ ಇದ್ದರೆ ಹಿರಿಯರಿಗೆ ತೋರಿಸ್ರಿ. ಬರೆದ ಮೇಲೆ ಎರಡೂ ಕಡೆ ಮೊಬೈಲಿನಾಗ ತೆಗೆದು ಮಂಡಳಕ್ಕೆ ಕೊಡ್ರಿ. ಕೇಳದೆ ಯಾರ ಫೋಟೋವನ್ನೂ ಎಲ್ಲೂ ಹಾಕುವುದು ಬ್ಯಾಡ. ನಮ್ಮ ಹಿರಿಯರನ್ನ ಕೇಳದೆಯೇ ನಿಲ್ಲಿಸಿ ತೆಗೆದವರ ಸಾಲಿಗೆ ನಾವು ಸೇರಬಾರದು.

ಮೂರು, ತಲಾವಿನ ಒಡ್ಡಿನ ಮೇಲೆ ಒಂದೇ ಜಾಗ ಗುರುತು ಮಾಡಿ, ಪ್ರತಿ ವರ್ಷ ಯುಗಾದಿಗೆ ಒಂದು, ದೀಪಾವಳಿಗೆ ಒಂದು ಫೋಟೋ ತೆಗೆಯೋಣ. ಗುಡ್ಡ, ನೀರು, ಕೆಳಗಿನ ಹೊಲ, ವಸ್ತಿ, ಎಲ್ಲ ಬರುವ ಹಂಗ. ಜತೆಗೆ ಒಂದು ವಹಿಯಲ್ಲಿ ಬರೆಯೋಣ: ತಲಾವಿನಾಗ ನೀರು ಎಷ್ಟು, ವಸ್ತಿಗೆ ಟ್ಯಾಂಕರ ಯಾವ ತಿಂಗಳು ಶುರುವಾಯಿತು, ಎಷ್ಟು ದಿನಕ್ಕೊಮ್ಮೆ ಬಂತು. ಐದು ವರ್ಷ ಆದ ಮೇಲೆ ಆ ಫೋಟೋ ಮತ್ತ ಆ ವಹಿ ತಗೊಂಡು ಗ್ರಾಮಸಭೆಗೆ ಹೋಗೋಣ. ಬರೇ ಮಾತಿಗೆ "ಆಮ್ಯಾಲ ನೋಡೋಣ" ಅಂತಾರ. ತಾರೀಖು ಹಾಕಿದ ಫೋಟೋಕ್ಕೆ ಹಂಗ ಅನ್ನೋದು ಕಷ್ಟ.

ಬಂಧುಗಳೇ, ಕ್ಯಾಮೆರಾ ನೂರಾ ಐವತ್ತು ವರ್ಷ ಬೇರೆಯವರ ಕೈಯಾಗ ಇತ್ತು. ಅದರ ಪೆಟ್ಟಿಗೆ ಮಾತ್ರ ನಮ್ಮಂಥವರ ಬೆನ್ನಿನ ಮೇಲಿತ್ತು. ಇವತ್ತು ಈ ಮಂಟಪದಾಗ ಕೂತ ಎಲ್ಲ ಹುಡುಗ-ಹುಡುಗಿಯರ ಕೈಯಾಗ ಕ್ಯಾಮೆರಾ ಐತಿ. ಅದನ್ನ ಹೊರಾಕ ಯಾರ ಬೆನ್ನೂ ಬೇಕಾಗಿಲ್ಲ. ಬೇಕಾದದ್ದು ಹೆಸರು ಬರೆಯುವಷ್ಟು ತಾಳ್ಮೆ. ಬರುವ ಐತವಾರ ಮುಂಜಾನೆ ಒಂಬತ್ತಕ್ಕ ಸಮಾಜ ಮಂದಿರದಾಗ ವಹಿ-ಪೆನ್ಸಿಲ್ ತಗೊಂಡು ಕೂತಿರತೀನಿ. ಅವ್ವಂದಿರೇ, ಅಕ್ಕಂದಿರೇ, ಮೊದಲ ಹೆಸರು ನಿಮ್ಮವೇ ಇರಲಿ.

ಜೈ ಭೀಮ್. ಜೈ ಸಂವಿಧಾನ.